ತ್ರಿಕೋನದೊಳಗಿನ ಚೆಂಡು ಯಾರದ್ದು? ಮೈಕೆಲ್ ಮೋಶೆನ್ ಪ್ರಕರಣ

ಜಗ್ಲಿಂಗ್, ಅಂದರೆ ಚೆಂಡು ಮುಂತಾದವನ್ನು ಎಸೆದು ಹಿಡಿದು ಆಡಿಸುವ ಕಲೆ, ಮಾಡುವವರ ನಡುವೆ "ಅವನು ಇವನ ಐಟಂ ಎತ್ತಿದ" ಎಂಬ ಜಗಳ ಶುರುವಾದರೆ, ಮಾತು ಎಲ್ಲಿಂದ ಹೊರಟರೂ ಕೊನೆಗೆ ಮೈಕೆಲ್ ಮೋಶೆನ್ ಹೆಸರಿಗೆ ಬಂದು ನಿಲ್ಲುತ್ತದೆ. ಸುಮ್ನೆ ಅಲ್ಲ. ಈ ಒಬ್ಬ ಮನುಷ್ಯ ಎರಡು ದೊಡ್ಡ ಕೆಲಸ ಮಾಡಿದರು. ಗಾಜಿನಂತೆ ತಿಳಿಯಾದ ಚೆಂಡುಗಳನ್ನು ಎಸೆಯದೆ ಕೈಮೇಲೆ ಹರಿಯಬಿಟ್ಟರು. ಆಮೇಲೆ ಆಳೆತ್ತರಕ್ಕಿಂತ ದೊಡ್ಡದಾದ ಒಂದು ತ್ರಿಕೋನದೊಳಗೆ ನಿಂತು ಅದರ ಗೋಡೆಗಳಿಗೆ ಚೆಂಡು ಪುಟಿಸಿದರು. ಎರಡನ್ನೂ ಜನ ನಕಲು ಮಾಡಿದರು. ಆದರೆ ಎರಡರ ಕತೆ ಒಂದೇ ದಾರಿಯಲ್ಲಿ ಹೋಗಲಿಲ್ಲ. ನನಗೆ ಈ ಪ್ರಕರಣ ಮುಖ್ಯ ಅನ್ನಿಸುವುದು ಆ ವ್ಯತ್ಯಾಸದಿಂದ.

ಹಿನ್ನೆಲೆ ಚುಟುಕಾಗಿ ಹೇಳುತ್ತೇನೆ. ಮೋಶೆನ್ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಗ್ರೀನ್‌ಫೀಲ್ಡ್ ಎಂಬ ಊರಿನವರು. ಅದೇ ಊರಿನ ಹುಡುಗ ಪೆನ್ ಜಿಲೆಟ್ ಜೊತೆ ಜಗ್ಲಿಂಗ್ ಕಲಿತರು. ಜಿಲೆಟ್ ಮುಂದೆ ಪೆನ್ ಅಂಡ್ ಟೆಲ್ಲರ್ ಎಂಬ ಜಾದೂಗಾರರ ಜೋಡಿಯ ಮಾತಾಡುವ ಅರ್ಧವಾದರು. ಮಾತೇ ಆಡದ ಇನ್ನರ್ಧ, ಟೆಲ್ಲರ್, ಈ ಕತೆಯೊಳಗೆ ಆಮೇಲೆ ಬರುತ್ತಾರೆ.

ಮೊದಲು ಚೆಂಡಿನ ವಿಷಯ. 1980ರ ದಶಕದಲ್ಲಿ ಮೋಶೆನ್ ಕಟ್ಟಿದ ಒಂದು ಐಟಂನಲ್ಲಿ ಅಂಗೈಗಳ ಮೇಲೆ ತಿಳಿ ಚೆಂಡುಗಳು ಒಂದರ ಸುತ್ತ ಒಂದು ತಿರುಗುತ್ತಿದ್ದವು, ಎರಡೂ ಕೈ ಸೇರಿ ಎಂಟು. ಕೊನೆಗೆ ಒಂದೇ ಚೆಂಡು ಉಳಿದು ಕೈಯಿಂದ ಕೈಗೆ, ಬೆರಳಿಂದ ಮುಂಗೈಗೆ ತೇಲಿದ ಹಾಗೆ ಸಾಗುತ್ತಿತ್ತು. 1986ರ 'ಲ್ಯಾಬಿರಿಂತ್' ಸಿನಿಮಾದಲ್ಲಿ ಗಾಯಕ, ನಟ ಡೇವಿಡ್ ಬೋವಿ ಕೈಯಲ್ಲಿ ಹರಿದಾಡುವ ಸ್ಫಟಿಕದ ಚೆಂಡು ನೋಡಿದವರಿಗೆ ಇದು ಗೊತ್ತು. ಆ ಕೈ ಬೋವಿಯದ್ದಲ್ಲ, ಮೋಶೆನ್‌ದು. ಅವರು ಬೋವಿಯ ಬೆನ್ನ ಹಿಂದೆ ಕೂತು ತಮ್ಮ ತೋಳನ್ನು ಮುಂದೆ ಚಾಚಿ, ಚೆಂಡನ್ನು ಕಣ್ಣಿಂದ ನೋಡಲಾಗದೆ, ಬರೀ ಮುಟ್ಟಿನ ಲೆಕ್ಕದಲ್ಲಿ ಅದನ್ನು ಮಾಡಿದರು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಲದು.

ಆ ಕೈಯಲ್ಲಿ ಏನು ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಜಗಳದ ಬೇರು ಅಲ್ಲೇ ಇದೆ. ಚೆಂಡು ಅಂಗೈಯಲ್ಲಿದೆ. ಕೈ ಅಲೆಯಂತೆ ಮೇಲೇಳುತ್ತದೆ, ಚೆಂಡು ಬೆರಳ ತುದಿ ದಾಟಿ ಕೈಯ ಹಿಂಬದಿಗೆ ಉರುಳುತ್ತದೆ. ಅಲ್ಲಿ ಮೂರು ಬೆರಳು ಸೇರಿ ಅದಕ್ಕೊಂದು ಕೂರುವ ಜಾಗ ಮಾಡಿರುತ್ತವೆ: ನಡುಬೆರಳು ಒಂಚೂರು ಕೆಳಗೆ, ಅಕ್ಕಪಕ್ಕದ ಎರಡು ಒಂಚೂರು ಮೇಲೆ. ಅಷ್ಟೇ. ಕಲಿಯಲು ತಿಂಗಳುಗಟ್ಟಲೆ ಬೇಕು, ಆದರೆ ಗುಟ್ಟು ಅಂತ ಏನೂ ಇಲ್ಲ. ಗುಟ್ಟಿರುವುದು ಚೆಂಡಿನ ಆಯ್ಕೆಯಲ್ಲಿ. ಬಣ್ಣದ ಚೆಂಡಾದರೆ ಅದರ ಮೇಲಿನ ಕಲೆ, ಗೆರೆ ಎಲ್ಲ ತಿರುಗುವುದು ಕಾಣುತ್ತದೆ, ಹಾಗಾಗಿ ಅದು ಉರುಳುತ್ತಿದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ತಿಳಿ ಚೆಂಡಿನ ಮೇಲೆ ಗುರುತೇ ಇಲ್ಲ. ತಿರುಗಿದರೂ ತಿರುಗಿದಂತೆ ಕಾಣುವುದಿಲ್ಲ. ಆಗ ಅದು ಉರುಳದೆ ಜಾರುತ್ತದೆ, ತೇಲುತ್ತದೆ, ಕೆಲವೊಮ್ಮೆ ಗಾಳಿಯಲ್ಲಿ ನಿಂತೇಬಿಟ್ಟಂತೆ ಅನ್ನಿಸುತ್ತದೆ. ಕೈಚಳಕ ಯಾವ ಚೆಂಡಿನಲ್ಲೂ ನಡೆಯುತ್ತದೆ. ಆ ಭ್ರಮೆ ಮಾತ್ರ ಒಬ್ಬ ಕಲಾವಿದ ಕೂತು ಯೋಚಿಸಿ ಆರಿಸಿದ್ದು.

1990ರಲ್ಲಿ ಮೋಶೆನ್‌ಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂತು. ಜನ ಜೀನಿಯಸ್ ಗ್ರಾಂಟ್ ಅಂತ ಕರೆಯುತ್ತಾರಲ್ಲ, ಅದು. ಒಬ್ಬ ಜಗ್ಲರ್‌ಗೆ ಅದು ಸಿಗುವುದು ಸಣ್ಣ ಮಾತಲ್ಲ. ಅದೇ ಹೊತ್ತಿಗೆ ಜೇಮ್ಸ್ ಅರ್ನೆಸ್ಟ್ ಎಂಬ ಇನ್ನೊಬ್ಬ ಜಗ್ಲರ್ ಈ ಚೆಂಡು ಹರಿಸುವ ವಿದ್ಯೆಯನ್ನು ಹಂತ ಹಂತವಾಗಿ ಬಿಡಿಸಿ ಒಂದು ಪುಸ್ತಕ ಬರೆದರು. ಅದಕ್ಕೆ ಕಾಂಟ್ಯಾಕ್ಟ್ ಜಗ್ಲಿಂಗ್ ಅಂತ ಹೆಸರಿಟ್ಟರು. ಇವತ್ತು ಜಗತ್ತಿನಲ್ಲೆಲ್ಲ ಇದನ್ನು ಕರೆಯುವುದು ಆ ಹೆಸರಿನಿಂದಲೇ, ಕಟ್ಟಿ ಮೆರೆಸಿದವರ ಹೆಸರಿನಿಂದಲ್ಲ.

ಗಲಾಟೆ ಎದ್ದಿತು. ಒಂದು ಕಡೆಯವರ ವಾದ ಹೀಗೆ: ಒಬ್ಬ ಮನುಷ್ಯ ವರ್ಷಗಟ್ಟಲೆ ಒಬ್ಬನೇ ಕೂತು ಕಂಡುಕೊಂಡದ್ದನ್ನು, ಅವನು ಅದರಿಂದಲೇ ಹೊಟ್ಟೆ ಹೊರೆಯುತ್ತಿರುವಾಗ, ಇನ್ನೊಬ್ಬ ಬಿಚ್ಚಿ ಬೀದಿಗಿಡುವುದು ಸರಿಯಾ? ಇನ್ನೊಂದು ಕಡೆಯವರು, ಚೆಂಡು ಮೈಮೇಲೆ ಉರುಳಿಸುವುದು ಯಾರಪ್ಪನ ಸೊತ್ತೂ ಅಲ್ಲ, ವಿದ್ಯೆ ಕಲಿಸುವುದು ತಪ್ಪು ಹೇಗಾಗುತ್ತದೆ ಅಂತ ಕೇಳಿದರು.

ಇಲ್ಲಿ ನಾನು ಎರಡನೆಯವರ ಕಡೆ. ಮೋಶೆನ್ ಬಗ್ಗೆ ನನಗಿರುವ ಗೌರವಕ್ಕೂ ಇದಕ್ಕೂ ಸಂಬಂಧ ಇಲ್ಲ. ಹಳೇ ತಲೆಮಾರಿನ ಜಗ್ಲರ್ ಎನ್ರಿಕೋ ರಾಸ್ತೆಲ್ಲಿ 1931ರಲ್ಲೇ ತೀರಿಕೊಂಡವರು, ಅವರು ದೊಡ್ಡ ಚೆಂಡುಗಳನ್ನು ತಲೆ, ಭುಜದ ಮೇಲೆ ಉರುಳಿಸುತ್ತಿದ್ದರು. ಅವರ ನಂತರ ಬಂದ ಫ್ರಾನ್ಸಿಸ್ ಬ್ರುನ್ ಒಂದೇ ಚೆಂಡನ್ನು ಮೈಯುದ್ದಕ್ಕೂ ಓಡಿಸಿ ಸಭೆಯನ್ನು ಕಟ್ಟಿಹಾಕುತ್ತಿದ್ದರು. ಚೆಂಡು ಮೈ ಬಿಡದೆ ಹರಿಯಬಹುದು ಎಂಬುದು ಹಳೇ ಸಂಗತಿ. ಜಗ್ಲಿಂಗ್‌ನ ತಂತ್ರಗಳು ಬಹಳಷ್ಟು ಮಟ್ಟಿಗೆ ಕಂಡುಹಿಡಿಯುವಂಥವು, ಕಟ್ಟುವಂಥವಲ್ಲ. ಅವು ಅಲ್ಲೇ ಇರುತ್ತವೆ. ಕೈ, ಚೆಂಡು, ಭೂಮಿಯ ಸೆಳೆತ ಮೂರೂ ಎಲ್ಲರಿಗೂ ಒಂದೇ.

ಇದಕ್ಕೆ ಸೈಟ್‌ಸ್ವಾಪ್‌ಗಿಂತ ಒಳ್ಳೇ ಉದಾಹರಣೆ ಇಲ್ಲ. ಪ್ರತಿ ಎಸೆತಕ್ಕೂ ಒಂದು ಅಂಕಿ ಕೊಡುವ ಬರವಣಿಗೆ ಅದು. ಆ ಚೆಂಡನ್ನು ಎಷ್ಟು ತಾಳದ ನಂತರ ಮತ್ತೆ ಎಸೆಯಬೇಕು ಎಂಬುದನ್ನು ಅಂಕಿ ಹೇಳುತ್ತದೆ. ಅಂಕಿಗಳ ಸರಾಸರಿ ಎಷ್ಟೋ ಅಷ್ಟು ಚೆಂಡು. 441 ಅಂದರೆ ನಾಲ್ಕು, ನಾಲ್ಕು, ಒಂದು, ಕೂಡಿದರೆ ಒಂಬತ್ತು, ಮೂರರಿಂದ ಭಾಗಿಸಿದರೆ ಮೂರು, ಹಾಗಾಗಿ ಮೂರು ಚೆಂಡಿನ ಆಟ. 531 ಕೂಡ ಹಾಗೇ. ಈ ಬರವಣಿಗೆಯನ್ನು 1980ರ ದಶಕದ ಮೊದಲರ್ಧದಲ್ಲಿ ಅಮೆರಿಕದ ಸಾಂತಾ ಕ್ರೂಜ್‌ನಲ್ಲಿ ಪಾಲ್ ಕ್ಲಿಮೆಕ್, ಅಲ್ಲಿನದೇ ಕ್ಯಾಲ್‌ಟೆಕ್ ವಿಶ್ವವಿದ್ಯಾಲಯದಲ್ಲಿ ಬ್ರೂಸ್ ಟೀಮನ್ ಮತ್ತು ಬೆಂಗ್ಟ್ ಮ್ಯಾಗ್ನುಸನ್, ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಕಾಲಿನ್ ರೈಟ್ ಮತ್ತು ಗೆಳೆಯರು, ಹೀಗೆ ಮೂರು ಕಡೆ ಒಬ್ಬರಿಗೊಬ್ಬರು ಗೊತ್ತಿಲ್ಲದೆ ರೂಪಿಸಿದರು. ಯಾರು ಯಾರಿಂದ ಕದ್ದರು? ಯಾರೂ ಇಲ್ಲ. ಲೆಕ್ಕ ಹಾಕುತ್ತಾ ಕೂತವರಿಗೆ 441 ಇವತ್ತಲ್ಲ ನಾಳೆ ಸಿಕ್ಕೇ ಸಿಗುತ್ತದೆ.

ಸಿಕ್ಕಿದ್ದನ್ನು ಹಂಚುವಾಗ ಜಗ್ಲರ್‌ಗಳಲ್ಲಿ ಒಂದು ಚೆಂದದ ರೂಢಿ ಇದೆ. ಆಟ ಎಲ್ಲರದ್ದು, ಹೆಸರು ಕಂಡುಕೊಂಡವರದ್ದು. ಕೈಗಳನ್ನು ಒಂದರ ಮೇಲೊಂದು ದಾಟಿಸುತ್ತಾ ಮೂರು ಚೆಂಡು ಆಡುವ ಮಿಲ್ಸ್ ಮೆಸ್‌ನಲ್ಲಿ ಸ್ಟೀವ್ ಮಿಲ್ಸ್ ಹೆಸರಿದೆ. ರೂಬೆನ್‌ಸ್ಟೈನ್ಸ್ ರಿವೆಂಜ್‌ನಲ್ಲಿ ರಿಕ್ ರೂಬೆನ್‌ಸ್ಟೈನ್, ಬರ್ಕ್ಸ್ ಬರಾಜ್‌ನಲ್ಲಿ ಕೆನ್ ಬರ್ಕ್. ಮಿಲ್ಸ್ ಮೆಸ್ ಕಲಿಯುವ ಪ್ರತಿ ಹುಡುಗ, ಹುಡುಗಿಯ ಬಾಯಲ್ಲಿ ಆ ಹೆಸರು ಬಂದೇ ಬರುತ್ತದೆ, ಹಣ ಕೊಡಬೇಕಾಗಿಲ್ಲ, ಅಪ್ಪಣೆ ಕೇಳಬೇಕಾಗಿಲ್ಲ. ಚೆಂಡಿನ ವಿಷಯದಲ್ಲಿ ಮೋಶೆನ್‌ಗೆ ನಿಜವಾಗಿ ಅನ್ಯಾಯ ಆಗಿದ್ದರೆ ಅದು ಇಲ್ಲಿ ಅಂತ ನನ್ನ ಎಣಿಕೆ. ವಿದ್ಯೆ ಹಬ್ಬಿತು, ಆದರೆ ಜೊತೆಗೆ ಹೆಸರು ಹಬ್ಬಲಿಲ್ಲ.

ಆದರೂ ಆ ಕತೆ ಒಟ್ಟಾರೆ ಒಳ್ಳೆಯದಕ್ಕೇ ತಿರುಗಿತು. ಪುಸ್ತಕ ಬಂದ ಮೇಲೆ ಮೊದಮೊದಲು ಎಲ್ಲರೂ ಬೋವಿಯ ಕೈಯನ್ನೇ ನಕಲು ಮಾಡಿದರು, ಅದೇ ನಿಧಾನ, ಅದೇ ಮಬ್ಬು ಬೆಳಕು. ಆಮೇಲೆ ನಿಧಾನಕ್ಕೆ ಅದು ಒಡೆಯಿತು. ಕೆಲವರು ಎದೆ, ಬೆನ್ನು, ಕತ್ತಿನ ಮೇಲೆಲ್ಲ ಚೆಂಡು ಓಡಿಸಿ ಕುಣಿತದ ಕಡೆ ಹೋದರು. ಕೆಲವರು ಬಣ್ಣದ ಚೆಂಡು ಹಿಡಿದು ಭ್ರಮೆಯನ್ನೇ ಬಿಟ್ಟು ವೇಗದ ಹಿಂದೆ ಬಿದ್ದರು. ಇವರನ್ನು ನೋಡಿ ಮೋಶೆನ್ ನಕಲು ಅನ್ನಲು ಯಾರಿಗೂ ಬಾಯಿ ಬಾರದು.

ಈಗ ತ್ರಿಕೋನಕ್ಕೆ ಬರೋಣ. ನನಗೆ ಗಂಟಲಲ್ಲಿ ಸಿಕ್ಕಿಕೊಳ್ಳುವುದು ಇದು.

ತುದಿ ಮೇಲೆ ಇರುವ ದೊಡ್ಡ ತ್ರಿಕೋನದ ಚೌಕಟ್ಟು. ಅದರೊಳಗೆ ಕಲಾವಿದ ನಿಲ್ಲುತ್ತಾರೆ. ಕೈಯಲ್ಲಿ ಪುಟಿಯುವ ಚೆಂಡುಗಳು. ಒಂದನ್ನು ಬಲಗಡೆಯ ಇಳಿಜಾರು ಗೋಡೆಗೆ ಬಡಿದರೆ ಅದು ಎಡಗಡೆಯ ಗೋಡೆಗೆ ಚಿಮ್ಮಿ ವಾಪಸ್ ಕೈಗೆ ಬರುತ್ತದೆ. ಸ್ವಲ್ಪ ಕೋನ ಬದಲಿಸಿದರೆ ನಡುವೆ ನೆಲವನ್ನೂ ಮುಟ್ಟಿ ಬರುತ್ತದೆ. ಮೇಲೆ ಹೋದಷ್ಟೂ ಗೋಡೆಗಳ ನಡುವಿನ ಜಾಗ ಕಿರಿದು, ಹಾಗಾಗಿ ಮೇಲೆ ಎಸೆದರೆ ಪೆಟ್ಟುಗಳು ಪಟಪಟ ಬೀಳುತ್ತವೆ, ಕೆಳಗೆ ಎಸೆದರೆ ನಡುವೆ ಉಸಿರು ಬಿಡುವಷ್ಟು ತೆರವು. ಪ್ರತಿ ಗೋಡೆಗೂ ಪ್ರತಿ ಪೆಟ್ಟಿಗೂ ಒಂದು ಸದ್ದು. ಕಣ್ಣು ಮುಚ್ಚಿಕೊಂಡು ಕೇಳಿದರೆ ಅದು ತಾಳವಾದ್ಯ. ಕಣ್ಣು ಬಿಟ್ಟರೆ ಗಾಳಿಯಲ್ಲಿ ರೇಖೆಗಳು ಮೂಡಿ ಅಳಿಸುತ್ತಿವೆ. 1991ರಲ್ಲಿ ಅಮೆರಿಕದ ಸಾರ್ವಜನಿಕ ಟೀವಿ ವಾಹಿನಿ ಪಿಬಿಎಸ್ ಮೋಶೆನ್ ಕೆಲಸದ ಮೇಲೊಂದು ಇಡೀ ಕಾರ್ಯಕ್ರಮ ಮಾಡಿತು. ಜಗ್ಲಿಂಗ್ ಅಂದರೆ ಎಷ್ಟು ಚೆಂಡು ಎಂಬ ಲೆಕ್ಕ ಮಾತ್ರ ಅಂತ ತಿಳಿದಿದ್ದವರಿಗೆ ಬೇರೆಯೇ ಲೋಕ ಅದು.

ಆಮೇಲೆ ತ್ರಿಕೋನಗಳು ಎದ್ದವು. ಬೇರೆ ಬೇರೆ ದೇಶದ ಸರ್ಕಸ್, ವೆರೈಟಿ ಶೋಗಳಲ್ಲಿ ಬೇರೆ ಬೇರೆಯವರು ತ್ರಿಕೋನದೊಳಗೆ ನಿಂತು ಚೆಂಡು ಪುಟಿಸಿದರು. ಈಗಲೂ ಪುಟಿಸುತ್ತಿದ್ದಾರೆ. ನಾನು ವಿಡಿಯೋದಲ್ಲಿ ನೋಡಿದ ಹಲವುದರಲ್ಲಿ ಬೆಳಕು ಬೇರೆ, ಬಟ್ಟೆ ಬೇರೆ, ಸಂಗೀತ ಜೋರು. ಆಟದ ಎಲುಬು ಮಾತ್ರ ಅದೇ.

ಇದನ್ನು ಸಮರ್ಥಿಸುವವರ ವಾದ ಗಟ್ಟಿಯಾಗಿಯೇ ಇದೆ, ತಳ್ಳಿಹಾಕುವಂಥದ್ದಲ್ಲ. ತ್ರಿಕೋನ ಒಂದು ವಾದ್ಯ ಅನ್ನುತ್ತಾರೆ ಅವರು. ಅಡಾಲ್ಫ್ ಸಾಕ್ಸ್ 1846ರಲ್ಲಿ ಪ್ಯಾರಿಸ್‌ನಲ್ಲಿ ಸ್ಯಾಕ್ಸೋಫೋನ್‌ಗೆ ಪೇಟೆಂಟ್ ಪಡೆದರು, ಅದರ ಅವಧಿ ಮುಗಿಯಿತು, ಇವತ್ತು ಊದುವವರನ್ನೆಲ್ಲ ಕಳ್ಳರು ಅನ್ನುತ್ತೇವಾ? ಜಗ್ಲಿಂಗ್‌ನಲ್ಲೇ ನೋಡಿ, ಸಿಗಾರ್ ಬಾಕ್ಸ್, ಅಂದರೆ ಚುಟ್ಟಾ ಪೆಟ್ಟಿಗೆಯಂಥ ಬಾಕ್ಸ್‌ಗಳನ್ನು ಹಿಡಿದು ಆಡುವ ಆಟ, ಕೂಡ ಹಾಗೇ ಬಂದದ್ದು. ಹ್ಯಾರಿಗನ್ ಎಂಬ ಜಗ್ಲರ್ ಹರಕು ಬಟ್ಟೆಯ ಅಲೆಮಾರಿ ವೇಷದಲ್ಲಿ ಬಾಕ್ಸ್‌ಗಳ ಆಟ ಮಾಡುತ್ತಿದ್ದರು. ಅವರನ್ನು ನೋಡಿ ಡಬ್ಲ್ಯೂ. ಸಿ. ಫೀಲ್ಡ್ಸ್ ಆ ವೇಷವನ್ನೂ ಬಾಕ್ಸ್‌ಗಳನ್ನೂ ಎತ್ತಿಕೊಂಡೇ ರಂಗಕ್ಕೆ ಬಂದರು, ಮುಂದೆ ಸಿನಿಮಾದ ದೊಡ್ಡ ಹಾಸ್ಯ ನಟರಾದರು. ಹ್ಯಾರಿಗನ್ ಹೆಸರು ಇವತ್ತು ಜಗ್ಲಿಂಗ್ ಇತಿಹಾಸ ಓದುವವರಿಗೆ ಬಿಟ್ಟರೆ ಯಾರಿಗೆ ಗೊತ್ತು?

ಸಿಗಾರ್ ಬಾಕ್ಸ್ ಉದಾಹರಣೆಯನ್ನು ನಾನು ಒಪ್ಪುತ್ತೇನೆ, ಆದರೆ ಅದು ಅವರ ವಾದಕ್ಕೆ ಪೂರ್ತಿ ಒಗ್ಗುವುದಿಲ್ಲ. ಬಾಕ್ಸ್‌ಗಳು ನಿಜವಾಗಿ ವಾದ್ಯ ಆದವು. ಹೇಗೆ? ಒಬ್ಬೊಬ್ಬರು ಅದರ ಮೇಲೆ ಬೇರೆ ಬೇರೆ ಕಟ್ಟಿದರು. ಸ್ವಿಟ್ಜರ್ಲೆಂಡಿನ ಕ್ರಿಸ್ ಕ್ರೆಮೋ ಮೂರು ಬಾಕ್ಸ್ ಗಾಳಿಗೆ ಬಿಟ್ಟು, ಮೂರು ಸುತ್ತು ತಿರುಗಿ, ಅವು ಬೀಳುವಷ್ಟರಲ್ಲಿ ಮತ್ತೆ ಹಿಡಿಯುವುದನ್ನು ನೋಡಿದರೆ ಹ್ಯಾರಿಗನ್ನೂ ನೆನಪಾಗುವುದಿಲ್ಲ, ಫೀಲ್ಡ್ಸೂ ನೆನಪಾಗುವುದಿಲ್ಲ. ಅಂದ ಹಾಗೆ ಕ್ರೆಮೋ ಮಾಡುವ ಚೆಂಡು, ಟೋಪಿ, ಬಾಕ್ಸ್‌ಗಳ ಐಟಂ ಅವರ ತಂದೆ ಬೇಲಾ ಕ್ರೆಮೋ ಅವರಿಂದ ಬಂದದ್ದು. ಅದೂ ಎರವಲೇ. ಆದರೆ ಕೊಟ್ಟವರು ಪಕ್ಕದಲ್ಲೇ ನಿಂತು ಕಲಿಸಿ ಕೊಟ್ಟರು, ಪಡೆದವರು ಬೆಳೆಸಿದರು. ಇಂಥ ಎರವಲಿನ ಬಗ್ಗೆ ಯಾರಿಗೆ ತಕರಾರು ಇರುತ್ತದೆ?

ತ್ರಿಕೋನ ಹಾಗೆ ವಾದ್ಯ ಆಗಿಲ್ಲ. ಆಗುವುದು ಕಷ್ಟ ಕೂಡ. ಯೋಚಿಸಿ: ಮೂರು ಬದಿ, ಅವುಗಳ ಕೋನ, ಚೆಂಡಿನ ಪುಟಿತ ಇಷ್ಟು ಒಮ್ಮೆ ತೀರ್ಮಾನವಾದ ಮೇಲೆ ಚೆಂಡು ಹೋಗಬಹುದಾದ ದಾರಿಗಳು ಹೆಚ್ಚುಕಡಿಮೆ ಅದರೊಳಗೇ ಬರೆದಿಟ್ಟಂತೆ. ಯಾರು ಹೋಗಿ ನಿಂತರೂ ಬಹುಪಾಲು ಅವೇ ದಾರಿಗಳು ಸಿಗುತ್ತವೆ. ದಾರಿಗಳನ್ನು ಕಂಡುಕೊಳ್ಳಬಹುದು, ನಿಜ, 441ರ ಹಾಗೇ. ಆದರೆ ಆ ದಾರಿಗಳು ಹುಟ್ಟುವುದಕ್ಕೆ ತ್ರಿಕೋನ ಬೇಕು. ಅದು ಅಲ್ಲೇ ಬಿದ್ದಿರಲಿಲ್ಲ, ಒಬ್ಬರು ಕಟ್ಟಿ ನಿಲ್ಲಿಸಿದರು. ಅಲ್ಲಿ ಸಾಧನವನ್ನು ಕಟ್ಟಿದ್ದೇ ಕೃತಿ ರಚನೆಯ ಮುಕ್ಕಾಲು ಪಾಲು. ಚೌಕಟ್ಟನ್ನು ನಕಲು ಮಾಡಿದ ಗಳಿಗೆಯಲ್ಲೇ ಆಟವೂ ನಕಲಾಗಿಬಿಡುತ್ತದೆ, ಆಮೇಲೆ ಸಂಗೀತ ಬದಲಿಸಿ ಏನು ಪ್ರಯೋಜನ? ಇದೇ ಕಾರಣಕ್ಕೆ "ನಾನು ಅವರ ಒಂದು ಎಸೆತವನ್ನೂ ನಕಲು ಮಾಡಿಲ್ಲ, ನಾನೇ ಕಂಡುಕೊಂಡೆ" ಎಂದು ಯಾರಾದರೂ ಪ್ರಾಮಾಣಿಕವಾಗಿ ಹೇಳಿದರೂ ನನಗೆ ಸಮಾಧಾನ ಆಗುವುದಿಲ್ಲ.

ಕೋರ್ಟಿಗೆ ಹೋದರೆ ಏನಾಗುತ್ತದೆ ಎಂಬ ಪ್ರಶ್ನೆ ಇಲ್ಲಿ ಏಳುತ್ತದೆ. ಇಲ್ಲಿ ಟೆಲ್ಲರ್ ಬರುತ್ತಾರೆ. ಅವರ 'ಷಾಡೋಸ್' ಎಂಬ ಮೂಕ ಐಟಂನಲ್ಲಿ ಹೂದಾನಿಯಲ್ಲಿ ಒಂದು ಗುಲಾಬಿ, ಹಿಂದಿನ ಪರದೆ ಮೇಲೆ ಅದರ ನೆರಳು. ಟೆಲ್ಲರ್ ಚಾಕುವಿನಿಂದ ನೆರಳನ್ನು ಕತ್ತರಿಸುತ್ತಾರೆ, ನಿಜವಾದ ಗುಲಾಬಿಯ ಎಲೆ, ದಳ ಉದುರುತ್ತವೆ. ಇದನ್ನು ಅವರು 1983ರಲ್ಲೇ ಮೂಕಾಭಿನಯ ಎಂದು ಕಾಪಿರೈಟ್ ಕಚೇರಿಯಲ್ಲಿ ನೋಂದಾಯಿಸಿದ್ದರು. 2012ರಲ್ಲಿ ಯುರೋಪಿನ ಒಬ್ಬ ಜಾದೂಗಾರ ಹೆಚ್ಚುಕಡಿಮೆ ಅದನ್ನೇ ಮಾಡಿದ ವಿಡಿಯೋ ಹಾಕಿ, ಸಾಮಗ್ರಿ ಮಾರುತ್ತೇನೆ ಎಂದ. ಟೆಲ್ಲರ್ ಕೇಸು ಹಾಕಿದರು. 2014ರಲ್ಲಿ ನೆವಾಡಾದ ಫೆಡರಲ್ ಕೋರ್ಟು ಅವರ ಪರ ನಿಂತಿತು. ಕೋರ್ಟು ಹೇಳಿದ್ದರ ತಿರುಳು: ಜಾದೂವಿನ ತಂತ್ರಕ್ಕೆ ಕಾಪಿರೈಟ್ ಇಲ್ಲ, ಆದರೆ ಈ ಮೂಕಾಭಿನಯಕ್ಕೆ ಇದೆ. ಎರಡನೆಯವನ ಗುಟ್ಟು ಬೇರೆ ಇರಬಹುದು, ನೋಡುವವರ ಕಣ್ಣಿಗೆ ಕಾಣುವುದು ಅದೇ ಕೃತಿ.

ಜಗ್ಲಿಂಗ್‌ಗೆ ಇದು ಬಹಳ ಉಪಯೋಗದ ತೀರ್ಪು ಅಂತ ನನಗನ್ನಿಸುತ್ತದೆ. ಅಮೆರಿಕದ 1976ರ ಕಾಪಿರೈಟ್ ಕಾನೂನು ನೃತ್ಯ ಸಂಯೋಜನೆ ಮತ್ತು ಮೂಕಾಭಿನಯವನ್ನು ಹೆಸರು ಹಿಡಿದು ಸೇರಿಸಿಕೊಂಡಿದೆ. ಬರೆದೋ ಚಿತ್ರೀಕರಿಸಿಯೋ ದಾಖಲಾಗಿರಬೇಕು, ಅಷ್ಟೇ. ವಿಧಾನಕ್ಕೆ, ತಂತ್ರಕ್ಕೆ ರಕ್ಷಣೆ ಇಲ್ಲ. ಅಂದರೆ ಮೊದಲಿನಿಂದ ಕೊನೆಯವರೆಗೆ ಕಟ್ಟಿದ ಐಟಂ ಒಂದು ಕಡೆ, ಅದರೊಳಗಿನ ಎಸೆತಗಳು ಇನ್ನೊಂದು ಕಡೆ. ಆದರೆ ತ್ರಿಕೋನದಂಥದ್ದು ಎರಡರ ನಡುವೆ ಬೀಳುತ್ತದೆ. ಸಾಧನವೂ ಹೌದು, ಕೃತಿಯೂ ಹೌದು. ಕಾನೂನಿನ ಕತ್ತರಿ ಅಲ್ಲಿ ನೇರವಾಗಿ ಓಡುವುದಿಲ್ಲ. ಜೊತೆಗೆ ಹತ್ತು ದೇಶದಲ್ಲಿ ಹತ್ತು ಜನ ಮಾಡಿದರೆ ಯಾವ ಜಗ್ಲರ್ ಹತ್ತು ಕೋರ್ಟು ಅಲೆಯುತ್ತಾನೆ?

ಹಾಗಾದರೆ ತ್ರಿಕೋನ ನೋಡಿ ಮೈ ಜುಮ್ಮೆಂದವನು ಏನು ಮಾಡಬೇಕು? ಕೈ ಕಟ್ಟಿ ಕೂರಬೇಕಾ? ಇದಕ್ಕೆ ನನಗೆ ಸಿಕ್ಕ ಒಳ್ಳೇ ಉತ್ತರ ಗ್ರೆಗ್ ಕೆನಡಿ. ಮೊದಲು ಎಂಜಿನಿಯರ್ ಆಗಿದ್ದವರು. ಅವರು ತಾವೇ ಸಾಧನಗಳನ್ನು ಕಟ್ಟುತ್ತಾ ಹೋದರು. ಸರ್ಕ್ ದು ಸೊಲೈ ಎಂಬ ಸರ್ಕಸ್ ಕಂಪನಿಯ 2010ರ 'ಟೋಟೆಮ್' ಪ್ರದರ್ಶನದಲ್ಲಿ ಅವರು ಒಂದು ದೊಡ್ಡ ಪಾರದರ್ಶಕ ಶಂಕುವಿನೊಳಗೆ ನಿಂತು ಹೊಳೆಯುವ ಚೆಂಡುಗಳನ್ನು ಗೋಡೆಗುಂಟ ಉರುಳಿಸುತ್ತಿದ್ದರು. ಚೆಂಡು ಸುತ್ತು ಹೊಡೆಯುತ್ತಾ ಮೇಲೇರಿ, ವೇಗ ಕಳೆದುಕೊಂಡು, ಗ್ರಹ ಕಕ್ಷೆಯಲ್ಲಿ ತಿರುಗಿದಂತೆ ಬಾಗಿ ಮತ್ತೆ ಕೈಗೆ ಇಳಿಯುತ್ತದೆ. ಒಂದರ ದಾರಿಯನ್ನು ಇನ್ನೊಂದು ಕತ್ತರಿಸಿ ಹೋಗುತ್ತದೆ, ತಾಗುವುದಿಲ್ಲ. ಹೊರಗೆ ಕೂತವರಿಗೆ ಅದು ಪ್ರಯೋಗಾಲಯದ ಗಾಜಿನ ಪಾತ್ರೆಯೊಳಗೆ ನಡೆಯುವ ಏನೋ ಅನ್ನಿಸುತ್ತದೆ. ಇದಕ್ಕೂ ತ್ರಿಕೋನಕ್ಕೂ ನಂಟಿದೆ ಅಂತ ನನ್ನ ಕಣ್ಣಿಗೆ ಕಾಣುತ್ತದೆ: ಚೆಂಡಿನ ದಾರಿಯನ್ನು ಕೈ ಒಂದೇ ತೀರ್ಮಾನಿಸುವ ಬದಲು ಜಾಗದ ಆಕಾರವೂ ತೀರ್ಮಾನಿಸಿದರೆ ಏನಾಗುತ್ತದೆ ಎಂಬ ಪ್ರಶ್ನೆ ಎರಡರಲ್ಲೂ ಒಂದೇ. ಆದರೆ ಉತ್ತರ ಪೂರ್ತಿ ಬೇರೆ. ತ್ರಿಕೋನದಲ್ಲಿ ಪುಟಿತ, ಶಂಕುವಿನಲ್ಲಿ ಉರುಳು. ಅಲ್ಲಿ ಸರಳ ರೇಖೆ, ಇಲ್ಲಿ ಬಳಸು ದಾರಿ. ಅಲ್ಲಿ ತಾಳ, ಇಲ್ಲಿ ಹೆಚ್ಚುಕಡಿಮೆ ಮೌನ. ಪ್ರಶ್ನೆಯನ್ನು ಯಾರ ಹತ್ತಿರ ಬೇಕಾದರೂ ಎತ್ತಿಕೊಳ್ಳಬಹುದು, ಕಲೆಗಳೆಲ್ಲ ಬೆಳೆದದ್ದೇ ಹಾಗೆ.

ಮನೆಯಲ್ಲಿ, ಅಭ್ಯಾಸದ ಹಾಲ್‌ನಲ್ಲಿ ಏನು ಬೇಕಾದರೂ ನಕಲು ಮಾಡಿ. ಮಾಡಲೇಬೇಕು, ಬೇರೆಯವರ ಕೈಯನ್ನು ನಮ್ಮ ಕೈಯಲ್ಲಿ ಹಾಕಿಕೊಂಡು ನೋಡದೆ ಯಾರೂ ಕಲಿತಿಲ್ಲ. ಕಾಸು ಪಡೆದು ರಂಗಕ್ಕೆ ಹತ್ತುವಾಗ ಲೆಕ್ಕ ಬೇರೆ. ಆಗ ಒಂದು ಪರೀಕ್ಷೆ ಮಾಡಿ ನೋಡಬಹುದು: ಐಟಂನಿಂದ ಎಲ್ಲರ ಸೊತ್ತಾದ ಎಸೆತಗಳನ್ನೆಲ್ಲ ತೆಗೆದು ಪಕ್ಕಕ್ಕಿಡಿ. ಉಳಿಯುವುದೇನು? ಕ್ರಮ, ಸಾಧನ, ನಡಿಗೆ, ತಾಳ, ಮಾತು, ತಮಾಷೆ, ಬೆಳಕು. ಅದರಲ್ಲಿ ಹೆಚ್ಚಿನದು ಇನ್ನೊಬ್ಬರದ್ದೇ ಆಗಿದ್ದರೆ ಅವರನ್ನು ಕೇಳಬೇಕು. ಕೇಳಿದರೆ ಬೇಡ ಅಂದಾರು ಎಂಬ ಹೆದರಿಕೆ ಇದ್ದರೆ, ಉತ್ತರ ನಿಮಗೆ ಆಗಲೇ ಗೊತ್ತಿದೆ.

ತ್ರಿಕೋನ ಈಗ ಇಷ್ಟು ಕೈಗಳಲ್ಲಿ ಓಡಾಡಿದ ಮೇಲೆ ಅದನ್ನು ವಾಪಸ್ ಪಡೆಯುವುದು ಆಗದ ಮಾತು. ಇಂದು ಹೊಸಬರೊಬ್ಬರು ಅದನ್ನು ಕಟ್ಟಿದರೆ, ಅವರು ನೋಡಿರುವುದು ಮೋಶೆನ್‌ರನ್ನಲ್ಲ, ನಕಲಿನ ನಕಲನ್ನು. ಅವರ ಮೇಲೆ ಹರಿಹಾಯುವುದರಲ್ಲಿ ಅರ್ಥ ಇಲ್ಲ. ಆದರೆ ಕಾರ್ಯಕ್ರಮದ ಚೀಟಿಯಲ್ಲಿ, ವಿಡಿಯೋದ ಕೆಳಗೆ ಮೈಕೆಲ್ ಮೋಶೆನ್ ಎಂಬ ಎರಡು ಪದ ಹಾಕಲು ಖರ್ಚೇನೂ ಇಲ್ಲ. ಮಿಲ್ಸ್ ಮೆಸ್‌ಗೆ ಕೊಟ್ಟ ಮರ್ಯಾದೆಯನ್ನು ಇದಕ್ಕೂ ಕೊಡಬಹುದು. ಶೋ ನಡೆಸುವವರದ್ದೂ ಇದರಲ್ಲಿ ಪಾಲಿದೆ. ಮೂಲ ಕಲಾವಿದರಿಗಿಂತ ಅಗ್ಗಕ್ಕೆ ಸಿಗುತ್ತದೆ ಅಂತ ನಕಲು ಐಟಂ ಬುಕ್ ಮಾಡುವವರು ಅವರೇ ಅಲ್ವಾ. ಕರಾರಿಗೆ ಸಹಿ ಹಾಕುವ ಮೊದಲು ಈ ಚೌಕಟ್ಟನ್ನು ಮೊದಲು ಕಟ್ಟಿದವರು ಯಾರು ಅಂತ ಅವರು ಒಂದು ಮಾತು ಕೇಳಿದರೂ ಸಾಕು, ಮುಂದಿನ ತ್ರಿಕೋನದಂಥ ಐಟಂ ಕಟ್ಟುತ್ತಿರುವವರಿಗೆ ಅದರಿಂದ ನಿಜವಾದ ಲಾಭ ಆಗುತ್ತದೆ.